ಪ್ರಧಾನರ ಯಜಮಾನರು

ನಾನು ಮೂವತ್ತೊಂದು ವರ್ಷ ಪಶುಸಂಗೋಪನೆ ಇಲಾಖೆಯಲ್ಲಿ ನೌಕರಿ ಮಾಡಿದವನು. ಕಾಗದದ ಮೇಲೆ ನಮ್ಮ ಹುದ್ದೆಗೆ ಉದ್ದನೆಯ ಹೆಸರಿತ್ತು. ರಾಯಬಾಗದಿಂದ ಅಥಣಿಯವರೆಗೆ ಜನ ಕರೆಯುತ್ತಿದ್ದುದು ಮಾತ್ರ ದನದ ಡಾಕ್ಟರ ಎಂದೇ. ನಾನು ಡಾಕ್ಟರನಲ್ಲ, ಡಾಕ್ಟರರ ಕೈಕೆಳಗಿನ ಪರಿವೀಕ್ಷಕ. ಆ ಮೂವತ್ತೊಂದು ವರ್ಷಗಳ ನಡುವೆ ಮೂರು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಇನ್ನೊಂದು ಕೆಲಸವನ್ನೂ ಮಾಡಿದೆ. ಅದಕ್ಕೆ ತರಬೇತಿ ಇರಲಿಲ್ಲ, ಪಗಾರ ಇರಲಿಲ್ಲ, ರಜೆಯೂ ಇರಲಿಲ್ಲ. ನನ್ನ ಹೆಂಡತಿ ಸುಲೋಚನಾ ನಮ್ಮ ಮಂಡಲ ಪಂಚಾಯ್ತಿಯ ಪ್ರಧಾನಳಾಗಿದ್ದಳು. ನಾನು ಪ್ರಧಾನರ ಯಜಮಾನ.

ಈಗ ಹೆಂಡತಿ ಪಂಚಾಯ್ತಿಗೆ ಆರಿಸಿ ಬಂದ ಗಂಡಸರು ಊರೂರಿಗೆ ಸಿಗುತ್ತಾರೆ. ಕೆಲವರು ತಮ್ಮ ಮೋಟಾರ್‌ಸೈಕಲ್ಲಿನ ಮೇಲೆ ‘ಅಧ್ಯಕ್ಷರು’ ಎಂದು ಬರೆಸಿಕೊಂಡು ತಿರುಗುವುದನ್ನು ಕಂಡಿದ್ದೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಹಾರ ಯಾರು ಹಾಕಿದರು ಎಂಬುದೆಲ್ಲ ಇದರಲ್ಲಿ ಬರುವುದಿಲ್ಲ. ನಾನು ತಪ್ಪಿದ್ದು ಬರುತ್ತದೆ.

ಮೊದಲ ತಪ್ಪು ಎಮ್ಮೆಯದು. ನೌಕರಿಗೆ ಸೇರಿದ ಹೊಸತು, ಎಂಬತ್ತರ ಆಸುಪಾಸು. ಐಗಳಿಯಲ್ಲಿ ಒಬ್ಬ ರೈತ ತನ್ನ ಎಮ್ಮೆ ಗಬ್ಬ ಇದೆಯೋ ಇಲ್ಲವೋ ನೋಡಿ ಎಂದು ಕರೆದ. ಆಗ ನಮಗೆ ಕೈಗವಸು ಕೊಡುತ್ತಿರಲಿಲ್ಲ. ಸಾಬೂನು ಹಚ್ಚಿಕೊಂಡು ಭುಜದವರೆಗೆ ಕೈ ಹಾಕಿ ಗರ್ಭಕೋಶ ಮುಟ್ಟಿ ಹೇಳಬೇಕು. ಸುತ್ತ ಹದಿನೈದು ಜನ ನಿಂತಿದ್ದರು. ಬೇಗ ಹೇಳಿದರೆ ಜಾಣ ಎನಿಸಿಕೊಳ್ಳುತ್ತೇನೆ ಎಂಬ ಆಸೆ. ಕೈಗೆ ಏನೂ ಸಿಗಲಿಲ್ಲ. “ಖಾಲಿ ಐತ್ರಿ, ಗೊಡ್ಡ ಬಿದ್ದೈತಿ” ಅಂದೆ. ಅವನು ಅದನ್ನು ಮಾರಿದ. ಕೊಂಡವನ ಹಟ್ಟಿಯಲ್ಲಿ ಐದು ತಿಂಗಳಿಗೆ ಅದು ಕರು ಹಾಕಿತು. ಐದನೆಯ ತಿಂಗಳಲ್ಲಿ ಗರ್ಭಕೋಶ ಹೊಟ್ಟೆಯ ಒಳಗೆ ಕೆಳಕ್ಕೆ ಜಾರಿರುತ್ತದೆ, ಹೊಸಬರ ಕೈಗೆ ಸಿಗುವುದಿಲ್ಲ. ಸಿಗದ್ದನ್ನು ನಾನು ಇಲ್ಲ ಎಂದುಕೊಂಡಿದ್ದೆ.

ಸುದ್ದಿ ಮಾರಿದ ರೈತನ ಮನೆಗೂ ಮುಟ್ಟಿತು. ಅವನ ಹೆಂಡತಿ ನಮ್ಮ ದವಾಖಾನೆಯ ಬಾಗಿಲಿಗೆ ಬಂದು ಕೇಳಿದಳು: “ಕೈಗಿ ಸಿಗಲಿಲ್ಲಾಂದ್ರ ಸಿಗಲಿಲ್ಲ ಅನಬೇಕಿತ್ರಿ. ಇಲ್ಲ ಅಂತ ಯಾಕ ಅಂದ್ರಿ?” ಅಂದಿನಿಂದ ನಾನು ಅವಸರದಲ್ಲಿ ಮಾತಾಡುವುದನ್ನು ಬಿಟ್ಟೆ. ನಿಜ ಹೇಳಬೇಕೆಂದರೆ ಖಚಿತವಾಗಿ ಮಾತಾಡುವುದನ್ನೇ ಬಿಟ್ಟೆ. ಅದೂ ಒಂದು ತಪ್ಪು ಎಂದು ತಿಳಿಯಲು ಹತ್ತು ವರ್ಷ ಬೇಕಾಯಿತು.

ಆ ದಿನಗಳಲ್ಲಿ ಹೋರಿಯ ವೀರ್ಯ ಥರ್ಮಾಸಿನಲ್ಲಿ, ಬರ್ಫದ ನಡುವೆ, ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರ್ ಇಳಿಸಿ ಕೊಡುತ್ತಿದ್ದ. ಎರಡು ಮೂರು ದಿನದೊಳಗೆ ಬಳಸದಿದ್ದರೆ ಸತ್ತುಹೋಗುತ್ತಿತ್ತು. ಒಮ್ಮೆ ಬಸ್ಸು ಕೆಟ್ಟು ನಿಂತು, ಬರ್ಫ ಕರಗಿ, ಬೆಚ್ಚಗಾದ ಥರ್ಮಾಸು ಕೈಗೆ ಬಂತು. ಎಸೆಯಲು ಮನಸ್ಸಾಗದೆ ಒಂಬತ್ತು ಆಕಳಿಗೆ ಅದನ್ನೇ ಕೊಟ್ಟೆ. ಒಂದಕ್ಕೂ ಗಬ್ಬ ನಿಲ್ಲಲಿಲ್ಲ. ಆಮೇಲೆ ದ್ರವ ಸಾರಜನಕದ ಡಬ್ಬಿ ಬಂತು. ಮುಚ್ಚಳ ತೆಗೆದರೆ ಬಿಳಿಯ ಹೊಗೆ. ಒಳಗೆ ವೀರ್ಯ ತುಂಬಿದ, ಹುಲ್ಲುಕಡ್ಡಿಯಷ್ಟು ಸಣ್ಣ ನಳಿಕೆಗಳು, ವರ್ಷಗಟ್ಟಲೆ ಕೆಡುವುದಿಲ್ಲ. ಜನ ಹೊಗೆ ನೋಡಲೆಂದೇ ಬರುತ್ತಿದ್ದರು. ಸುಲೋಚನಾ ಒಮ್ಮೆ ನೋಡಿ, “ಇದರಾಗಿನ ಜೀವಕ್ಕ ಥಂಡಿ ಆಗೂದಿಲ್ಲೇನ್ರಿ?” ಎಂದು ಕೇಳಿದಳು. ಅವಳು ಹಾಗೇ. ನಾವು ದಾಟಿ ಹೋಗುವುದನ್ನು ನಿಂತು ಕೇಳುತ್ತಾಳೆ.

ಅವಳ ತವರು ಕೃಷ್ಣಾ ಹೊಳೆಯ ಆಚೆ, ಮಹಾರಾಷ್ಟ್ರದಲ್ಲಿ. ಏಳನೆಯ ಇಯತ್ತೆಯವರೆಗೆ ಮರಾಠಿ ಸಾಲೆ. ಹೊಳೆಯ ಈಚೆ, ಜುಗೂಳದ ಹತ್ತಿರದ ನಮ್ಮ ಊರಿಗೆ ಸೊಸೆಯಾಗಿ ಬಂದು ಕನ್ನಡ ಮಾತು ಕಲಿತಳು; ಓದು ಬರಹ ಕಲಿಯಲಿಲ್ಲ, ಬೇಕಾಗಲೂ ಇಲ್ಲ. ಈಗ ಅದು ಕಾಗವಾಡ ತಾಲೂಕು, ಆಗ ಅಥಣಿಗೆ ಸೇರಿತ್ತು. ನಾವು ಹೊಲಮನೆ ಇದ್ದ ಜೈನರು. ನನ್ನ ದವಾಖಾನೆ ಆರು ಮೈಲಿ ದೂರದ ಊರಲ್ಲಿ. ದಿನಾ ಸೈಕಲ್ ಮೇಲೆ ಹೋಗಿ ಬರುತ್ತಿದ್ದೆ.

ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ಆಯಿತು. ಐದಾರು ಊರು ಸೇರಿ ಒಂದು ಮಂಡಲ, ಅದರ ಮುಖ್ಯಸ್ಥರು ಪ್ರಧಾನರು. ಹೆಂಗಸರಿಗೆಂದು ಇಟ್ಟ ಜಾಗಕ್ಕೆ ನಮ್ಮ ಊರಿಂದ ಯಾರೂ ನಿಲ್ಲಲು ಒಪ್ಪದೆ, ಸುಲೋಚನಾ ಅವಿರೋಧವಾಗಿ ಬಂದಳು. ಹದಿಮೂರು ಸದಸ್ಯರಲ್ಲಿ ಆರು ಜನ ಅಣ್ಣಾಗೌಡರ ಕಡೆ, ಆರು ಜನ ಬಾಬಾಸಾಹೇಬರ ಕಡೆ. ಇಬ್ಬರೂ ತಾವೂ ಸದಸ್ಯರು, ದೊಡ್ಡ ಜಮೀನುದಾರರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಯಾರು ಪ್ರಧಾನ ಆಗಬೇಕೆಂದು ಜಗ್ಗಾಡಿ ಜಗ್ಗಾಡಿ, ಕಡೆಗೆ ಇಬ್ಬರೂ ಕೂಡಿ ನಮ್ಮ ಮನೆಗೆ ಬಂದರು.

“ಡಾಕ್ಟರ, ನಿಮ್ಮ ಮನ್ಯಾಗಿನವರ್ನ ಪ್ರಧಾನ ಮಾಡೂಣಂತ ಬಂದೀವಿ” ಎಂದರು ಅಣ್ಣಾಗೌಡರು.

“ನೀವು ಸರಕಾರಿ ಮನಷ್ಯಾರು, ಯಾರ ಕಡಿಯವರೂ ಅಲ್ಲ. ನೀವ ಹೂಂ ಅಂದ್ರ ಆತು” ಎಂದರು ಬಾಬಾಸಾಹೇಬರು.

ಸುಲೋಚನಾ ಬಾಗಿಲ ಬಳಿ ನಿಂತಿದ್ದಳು. ನಾನು ಅವಳ ಕಡೆ ನೋಡದೆ ಹೂಂ ಅಂದೆ. ಅವರು ಹೋದ ಮೇಲೆ ಅವಳು ಸಿಟ್ಟಾಗಲಿಲ್ಲ. ಲೆಕ್ಕ ತಾಳೆಯಾಗದವರ ಹಾಗೆ ಕೇಳಿದಳು: “ಕುರ್ಚಿ ಮ್ಯಾಲ ಕುಂದ್ರಾಕಿ ನಾನು. ಹೂಂ ಅಂದಾವ್ರು ನೀವು. ಅದ್ಹೆಂಗ್ರಿ?”

“ನೀ ಬ್ಯಾಡ ಅನ್ನೂದಿಲ್ಲಂತ ನನಗ ಗೊತ್ತಿತ್ತು.”

“ಬ್ಯಾಡ ಅಂತ ನಾ ಎಲ್ಲಿ ಅಂದ್ನಿ? ಹೆಂಗಂತ ಕೇಳಾಕತ್ತೀನಿ.”

ಮೊದಲ ಸಭೆಗೆ ನಾನೂ ಹೋದೆ. ಕಾರ್ಯದರ್ಶಿ ತಾನಾಗಿಯೇ ಅವಳ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ತಂದು ಹಾಕಿದ. ಅವನು ಠರಾವು, ಅಂದರೆ ಸಭೆಯ ನಿರ್ಣಯ, ಓದಿ ನನ್ನ ಮುಖ ನೋಡುವನು. ನಾನು ತಲೆ ಆಡಿಸುವೆ. ಅವನು ಪುಸ್ತಕ ತಿರುಗಿಸಿ ಅವಳ ಮುಂದೆ ಇಡುವನು. ಅವಳು ನಾಗರಿ ಅಕ್ಷರದಲ್ಲಿ ತನ್ನ ಹೆಸರು ಬರೆಯುವಳು. ಹತ್ತು ಠರಾವು ಅರ್ಧ ತಾಸಿನಲ್ಲಿ ಮುಗಿದವು. ಸಭೆ ಎಷ್ಟು ಚೆನ್ನಾಗಿ ನಡೆಯಿತು ಎಂದು ನಾನು ಸೈಕಲ್ ತಳ್ಳಿಕೊಂಡು ಬರುತ್ತ ಹೇಳಿದೆ. ಅವಳು ಮುಂದೆ ಮುಂದೆ ನಡೆದಳು.

ಆಮೇಲೆ ಜನ ದವಾಖಾನೆಗೇ ಬರತೊಡಗಿದರು. ಒಂದು ದಿನದ ಮಾತು ಹೇಳಿದರೆ ಸಾಕು. ಎಮ್ಮೆಯ ಹಿಂದೆ ನಿಂತು ಭುಜದವರೆಗೆ ಕೈ ಹಾಕಿದ್ದೇನೆ. ಎಮ್ಮೆಯ ಒಡೆಯ ಮುಂದೆ ಹಗ್ಗ ಹಿಡಿದು ನಿಂತವನು ಅಂಗಿಯ ಕಿಸೆಯಿಂದ ಮಡಚಿದ ಕಾಗದ ತೆಗೆದ. “ಗಬ್ಬ ಐತಿ ನೋಡ್ರಿ. ಹಂಗ ಈ ಅರ್ಜಿಗಿ ಬಾಯಾರ ಸಹಿ ಮಾಡಿಸಿ ಕೊಡ್ರಿ.” ಬಾಯಾರು ಎಂದರೆ ನನ್ನ ಹೆಂಡತಿ. ನಾನು ಖಾಲಿ ಇದ್ದ ಎಡಗೈ ಚಾಚಿ ಅರ್ಜಿ ತೆಗೆದುಕೊಂಡೆ. ನಾಚಿಕೆ ಆಗಲಿಲ್ಲ. ಎರಡೂ ಕೈಗೆ ಕೆಲಸ ಇರುವ ದೊಡ್ಡ ಮನುಷ್ಯನಾದೆ ಎನ್ನಿಸಿತು.

ಸಂಜೆ ಅವಳ ಮುಂದೆ ಆರೇಳು ಕಾಗದ ಇಟ್ಟು “ಇಲ್ಲಿ, ಇಲ್ಲಿ” ಎಂದು ಬೆರಳು ತೋರಿಸುತ್ತಿದ್ದೆ. ಅವಳು “ಇದರಾಗ ಏನೈತ್ರಿ?” ಎಂದರೆ ಎರಡು ಮಾತಿನಲ್ಲಿ ಹೇಳುತ್ತಿದ್ದೆ. ಒಂದು ದಿನ ಅವಳೇ ಅಂದಳು: “ನನಗ ಕನ್ನಡಾ ಅಕ್ಷರಾ ಕಲಸ್ರಿ.” ದಿನಾ ಬೆಳಿಗ್ಗೆ ಹಾಲು ಹಿಂಡಿ ಮುಗಿದ ಮೇಲೆ ಪಾಟಿ ಹಿಡಿದು ಕೂರುತ್ತಿದ್ದಳು. ಮೂರು ತಿಂಗಳಿಗೆ ಕೂಡಿಸಿ ಕೂಡಿಸಿ ಓದುವಷ್ಟಾಯಿತು. ಬರೆಯುವಾಗ ಮಾತ್ರ ಒಂದು ರೂಢಿ ಹೋಗಲಿಲ್ಲ. ಮರಾಠಿಯಲ್ಲಿ ಎಳೆಯುವ ಹಾಗೆ ಪ್ರತಿ ಶಬ್ದದ ನೆತ್ತಿಯ ಮೇಲೂ ಒಂದು ಅಡ್ಡಗೆರೆ ಎಳೆಯುತ್ತಿದ್ದಳು. ಕನ್ನಡ ಅಕ್ಷರಗಳು ಹಗ್ಗಕ್ಕೆ ಒಣಗಹಾಕಿದ ಬಟ್ಟೆಗಳಂತೆ ಕಾಣುತ್ತಿದ್ದವು.

ಆ ನಡುವೆ ಮೂರು ಸಲ ಅವಳು ಸಭೆಗೆ ತಾನೊಬ್ಬಳೇ ಹೋಗುತ್ತೇನೆ ಎಂದಳು. ಮೂರೂ ಸಲ ನಾನು, “ಒಬ್ಬಾಕಿ ಏನ್ ಮಾಡ್ತಿ? ಅವರೆಲ್ಲಾ ಪಳಗಿದವರು” ಎಂದು ಹೇಳಿ, ಅಂಗಿ ತೊಟ್ಟು ಮುಂದೆ ಹೊರಟೆ.

ಮರುವರ್ಷ ಚಿಕ್ಕೋಡಿಯಿಂದ ಕರೆ ಬಂತು. ಅಲ್ಲಿ ನಮ್ಮ ಮೇಲಧಿಕಾರಿಯಾಗಿದ್ದವರು ಮೈಸೂರು ಕಡೆಯವರು. ಮಾತು ಕಡಿಮೆ, ಕೋಪವೂ ಕಡಿಮೆ. ಅದಕ್ಕೇ ಎಲ್ಲರಿಗೂ ಅವರೆಂದರೆ ಭಯ. ಅವರು ಒಂದು ಕಾಗದ ಮುಂದಕ್ಕೆ ತಳ್ಳಿದರು.

“ನಿಮ್ಮ ಮೇಲೆ ಮೂಗರ್ಜಿ ಬಂದಿದೆ. ಸರ್ಕಾರಿ ನೌಕರ ಮಂಡಲ ಪಂಚಾಯ್ತಿ ನಡೆಸ್ತಿದ್ದಾರೆ ಅಂತ. ಓದಿ.”

ಓದುವ ಮೊದಲೇ ಬರಹದ ಗುರುತು ಸಿಕ್ಕಿತು. ಪ್ರತಿ ಶಬ್ದದ ನೆತ್ತಿಯ ಮೇಲೂ ಅಡ್ಡಗೆರೆ ಇತ್ತು.

ಅದರಲ್ಲಿ ಹೀಗೆ ಬರೆದಿತ್ತು: “ನಮ್ಮ ಪ್ರಧಾನರ ಗಂಡ ದನದ ಡಾಕ್ಟರ ಅದಾರ. ಪ್ರತಿ ಸಭಾಕ್ಕ ಬಂದು ಕುಂದ್ರತಾರ. ಅವರು ಕುಂತರ ಯಾರೂ ಪ್ರಧಾನರ ಮಾರಿ ನೋಡುದಿಲ್ಲ. ಅವರು ಒಳ್ಳೆಯವರು. ಶಿಕ್ಷಾ ಬ್ಯಾಡ. ಸಭಾಕ್ಕ ಬರದಂಗ ಮಾಡಬೇಕು.”

“ಇಷ್ಟು ವರ್ಷದಲ್ಲಿ ತುಂಬಾ ಮೂಗರ್ಜಿ ನೋಡಿದ್ದೀನಿ. ಒಳ್ಳೆಯವರು, ಶಿಕ್ಷೆ ಬೇಡ ಅಂತ ಬರೆದಿದ್ದು ಇದೇ ಮೊದಲು” ಎಂದರು ಸಾಹೇಬರು. “ಇದು ನಿಜಾನಾ?”

“ಹೌದ್ರಿ.”

“ಯಾರು ಬರೆದಿರಬಹುದು?”

“ಗೊತ್ತಿಲ್ರಿ” ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅವರಿಗೂ ಗೊತ್ತಾಯಿತು ಎಂದೇ ನನ್ನ ನಂಬಿಕೆ. ಹೆಸರಿಲ್ಲದ ಅರ್ಜಿಯ ಮೇಲೆ ಕ್ರಮ ಕೈಗೊಳ್ಳುವುದಿಲ್ಲ, ಆದರೆ ಇನ್ನೊಮ್ಮೆ ಬಂದರೆ ನೌಕರಿಗೆ ಕುತ್ತು ಬರುತ್ತದೆ ಎಂದರು. ರಾಯಬಾಗದ ಕಡೆ ಒಂದು ಜಾಗ ಖಾಲಿ ಇತ್ತು. ನಾನೇ ಬಾಯಿಬಿಟ್ಟು ಕೇಳಿಕೊಂಡೆ.

ಮನೆಗೆ ಬಂದು ಅವಳ ಎದುರು ನಿಂತೆ. “ಆ ಕಾಗದ ನೀ ಬರದಿದ್ದಿ.”

“ಹೌದ್ರಿ.” ಅವಳು ಅಕ್ಕಿ ಹಸನು ಮಾಡುತ್ತಿದ್ದಳು, ಕೈ ನಿಲ್ಲಲಿಲ್ಲ.

“ನನ್ನ ನೌಕರಿ ಹೋಗಿದ್ರ?”

“ಶಿಕ್ಷಾ ಬ್ಯಾಡಂತ ಬರದಿದ್ನಲ್ರಿ. ನಿಮಗ ಬಾಯಿಲೇ ಮೂರ ಸಲ ಹೇಳಿದ್ನಿ. ಕಾಗದದಾಗ ಬಂದ್ರ ಅಷ್ಟ ಸರಕಾರಕ್ಕ ತಿಳೀತೈತಿ ಅಂತ ನೀವ ಹೇಳ್ತಿದ್ರಿ.”

“ಹೆಸರರ ಹಾಕಬೇಕಿತ್ತು.”

“ಹೆಸರ ಹಾಕಿದ್ರ ನಿಮ್ಮ ಮರ್ಯಾದಿ ಹೋಗ್ತಿತ್ತು” ಎಂದಳು.

ಎರಡು ವಾರ ನಾನು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ರಾಯಬಾಗಕ್ಕೆ ಹೋದೆ. ಭಾನುವಾರ ಮಾತ್ರ ಊರಿಗೆ. ಅಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾಗ ಸಿಟ್ಟು ಇಳಿಯುತ್ತ ಬಂತು. ಅದರ ಜಾಗಕ್ಕೆ ಬಂದದ್ದು ಕುತೂಹಲ. ನಾನು ಇಲ್ಲದ ಸಭೆಯಲ್ಲಿ ಅವಳು ಏನು ಮಾಡುತ್ತಾಳೆ? ಯಾರ ಮುಖ ನೋಡುತ್ತಾಳೆ? ಕೇಳಿದರೆ ಅವಳು ಹೇಳುತ್ತಿರಲಿಲ್ಲವೆಂದಲ್ಲ, ಕೇಳಲು ನನಗೆ ಬಿಗುಮಾನ. ಹಾಗಾಗಿ ನಮ್ಮ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರನನ್ನು, ಸಂತೆಗೆ ಬಂದ ಪರಿಚಯದವರನ್ನು ಕೇಳಿ ಕೇಳಿ ಸುದ್ದಿ ಕೂಡಿಸುತ್ತಿದ್ದೆ. ಹೆಂಡತಿಯ ಸುದ್ದಿಯನ್ನು ಕಂಡಕ್ಟರನಿಂದ ತಿಳಿಯುವ ಗಂಡ ಇನ್ನೊಬ್ಬ ಇದ್ದಾನೋ ಇಲ್ಲವೋ.

ಹಾಗೆ ಕೇಳಿದ್ದು ಇದು. ಕುರುಬರ ವಸ್ತಿಗೆ ಒಂದು ಬೋರ್‌ವೆಲ್ ಹಾಕಬೇಕೆಂದು ಸಭೆಯಲ್ಲಿ ಮಾತಾಗಿತ್ತು. ಅಲ್ಲಿಯ ಹೆಂಗಸರು ಹೊಳೆಯಿಂದ ನೀರು ಹೊರುತ್ತಿದ್ದರು. ಕಾರ್ಯದರ್ಶಿ ಠರಾವು ಓದಿ ಪುಸ್ತಕ ತಿರುಗಿಸಿ ಇಟ್ಟ. ಸುಲೋಚನಾ ಸಹಿ ಮಾಡುವ ಮೊದಲು ಬೆರಳಿಟ್ಟು ತಾನೇ ಓದತೊಡಗಿದಳು, ಒಂದೊಂದೇ ಅಕ್ಷರ, ಗಟ್ಟಿಯಾಗಿ. ಹನ್ನೆರಡು ಸದಸ್ಯರು ಕೂತು ಕೇಳಬೇಕಾಯಿತು. ಒಬ್ಬರು ಆಕಳಿಸಿದರಂತೆ. ನಡುವೆ ಅವಳು ಓದು ನಿಲ್ಲಿಸಿದಳು. ಪುಸ್ತಕ ಎತ್ತಿ ಅಣ್ಣಾಗೌಡರ ಕೈಗೆ ಕೊಟ್ಟಳು.

“ಗೌಡ್ರ, ನನಗ ಕನ್ನಡಾ ಸರಿ ಬರೂದಿಲ್ಲ. ಇಲ್ಲಿ ಜಾಗಾದ ಹೆಸರ ಬ್ಯಾರೆ ಕಾಣತೈತಿ. ನೀವ ಒಮ್ಮಿ ಎಲ್ಲರಿಗೂ ಓದಿ ಹೇಳ್ರಿ.”

ಪುಸ್ತಕದಲ್ಲಿ ಬರೆದಿದ್ದುದು ವಸ್ತಿ ಅಲ್ಲ, ಗೌಡರ ಹೊಲದ ಬದಿ. ಅವರು ಓದಲೇಬೇಕಾಯಿತು. ಓದಿ, “ಬರಿಯೂದ್ರಾಗ ತಪ್ಪಾಗೈತಿ” ಎಂದರು. ತಪ್ಪು ತಿದ್ದಿ ಬರೆದ ಮೇಲೆ ಅವಳು ಸಹಿ ಮಾಡಿದಳು.

ಆ ಸುದ್ದಿ ಕೇಳಿದ ದಿನ ನಾನು ಊಟ ಮಾಡಲಿಲ್ಲ. ಒಂದು ವರ್ಷ ಅದೇ ಪುಸ್ತಕದ ಮುಂದೆ ನಾನು ಕೂತಿದ್ದೆ. ನನಗೆ ಕನ್ನಡ ಚೆನ್ನಾಗಿ ಬರುತ್ತದೆ. ಆದರೂ ಒಮ್ಮೆಯೂ ಪುಸ್ತಕವನ್ನು ನೋಡಿರಲಿಲ್ಲ. ಓದುವವನ ಬಾಯಿ ನೋಡಿ ತಲೆ ಆಡಿಸಿದ್ದೆ. ಎಷ್ಟು ಜಾಗದ ಹೆಸರು ಬದಲಾಗಿ ಹೋಯಿತೋ ನನಗೆ ಈಗಲೂ ಗೊತ್ತಿಲ್ಲ.

ಅದರ ಮುಂದಿನ ವರ್ಷ ಮಳೆಗಾಲ ಮುಗಿದ ಮೇಲೆ ಹೊಳೆ ದಂಡೆಯ ಊರುಗಳಲ್ಲಿ ದನಗಳು ಜೊಲ್ಲು ಸುರಿಸತೊಡಗಿದವು. ನಿಪ್ಪಾಣಿ ಕಡೆಯಿಂದ ದಲ್ಲಾಳಿಗಳು ತಂದ ದನಗಳಲ್ಲಿ ಮೊದಲು ಕಂಡಿತೆಂದು ಜನ ಹೇಳುತ್ತಿದ್ದರು. ಕೈ ಸಾಲದೆ ನನ್ನನ್ನು ರಾಯಬಾಗದಿಂದ ಅಲ್ಲಿಗೆ ಹಚ್ಚಿದರು. ಎರಡು ದಿನ ಹಟ್ಟಿ ಹಟ್ಟಿ ತಿರುಗಿದೆ. ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು, ಕಾಲುಬಾಯಿ ಬೇನೆ. ಆದರೆ ಮಾದರಿ ಪರೀಕ್ಷೆಗೆ ಕಳಿಸಿದ್ದಾಗಿದೆ, ವರದಿ ಬರುವವರೆಗೆ ರೋಗದ ಹೆಸರು ಹೇಳಬಾರದು ಎಂದು ಅಪ್ಪಣೆಯಾಗಿತ್ತು. ಅದು ನನ್ನ ಸ್ವಭಾವಕ್ಕೂ ಹಿತವಾಗಿತ್ತು.

ನಮ್ಮ ಮಂಡಲದಲ್ಲಿ ಶುಕ್ರವಾರ ದೊಡ್ಡ ದನದ ಸಂತೆ. ಸಂತೆಯ ಸುಂಕ ವಸೂಲಿಯ ಹರಾಜು ಹಿಡಿದವನು ಅಣ್ಣಾಗೌಡರ ಅಳಿಯ. ಸಂತೆಗೆ ಬರುವ ದಲ್ಲಾಳಿಗಳೆಲ್ಲ ಬಾಬಾಸಾಹೇಬರ ಜನ. ಸುಲೋಚನಾ ಗುರುವಾರ ಸಭೆ ಕರೆದು, ಇಲಾಖೆಯ ಪರಿವೀಕ್ಷಕರು ಹಾಜರಿರಬೇಕೆಂದು ಕಾಗದ ಕಳಿಸಿದಳು. ವರ್ಷದ ಮೇಲೆ ಆ ಕೋಣೆಗೆ ಹೋದೆ. ನನಗೆ ಕುರ್ಚಿ ಹಾಕಿರಲಿಲ್ಲ. ಮೇಜಿನ ಎದುರು ನಿಂತೆ.

“ಇದು ಕಾಲುಬಾಯಿ ಬ್ಯಾನಿ ಏನ್ರಿ?” ಎಂದು ಕೇಳಿದಳು.

“ವರದಿ ಬರೂತನಾ ಹೇಳಾಕ ಬರೂದಿಲ್ಲ.”

“ನಾಳಿ ಸಂತಿ ನಿಂದ್ರಸಬೇಕೋ ಬ್ಯಾಡೋ?”

“ಮ್ಯಾಲಿಂದ ಆದೇಶ ಬರಬೇಕು.”

“ಡಾಕ್ಟರ ಶಾಣ್ಯಾ ಅದಾರ” ಎಂದು ಬಾಬಾಸಾಹೇಬರು ನಕ್ಕರು.

ಸುಲೋಚನಾ ನಗಲಿಲ್ಲ. “ಹೆಸರ ಬ್ಯಾಡ. ಕಂಡದ್ದಷ್ಟ ಹೇಳ್ರಿ. ಎಷ್ಟ ದನದ ಬಾಯಿ ತಗದ ನೋಡಿದ್ರಿ?”

“ನಲವತ್ತರ ಮ್ಯಾಲ.”

“ಎಷ್ಟಕ್ಕ ಬಾಯಾಗ ಹುಣ್ಣ ಇತ್ತು?”

“ಹನ್ನೊಂದಕ್ಕ.”

“ಗೊರಸಿನಾಗ?”

“ಅವಕ್ಕ ಅಲ್ಲೂ ಇತ್ತು.”

“ನಿಮ್ಮ ಹಟ್ಯಾಗಿನ ಆಕಳ ನಾಳಿ ಈ ಸಂತಿಗಿ ಹೊಡಕೊಂಡ ಹೋಗ್ತೀರೇನು?”

ಆ ಆಕಳ ಹಾಲು ದಿನಾ ಹಿಂಡುವವಳು ಅವಳೇ. ಕೋಣೆಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನ್ನ ನೌಕರಿ, ಅಪ್ಪಣೆ, ವರದಿ ಎಲ್ಲವೂ ತಲೆಯಲ್ಲಿ ಬಂದು ಹೋದವು.

“ಇಲ್ರಿ” ಎಂದೆ.

ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಎಂದೂ ‘ರಿ’ ಹಚ್ಚಿ ಮಾತಾಡಿದವನಲ್ಲ. ನಮ್ಮ ಕಡೆ ಹೆಂಡತಿ ಗಂಡನಿಗೆ ಹಚ್ಚುತ್ತಾಳೆ, ಗಂಡ ಹೆಂಡತಿಗೆ ಹಚ್ಚುವುದಿಲ್ಲ. ಅದು ತಾನಾಗಿ ಬಾಯಿಂದ ಬಂತು. ಇಬ್ಬರು ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಕಾರ್ಯದರ್ಶಿಗೆ, “ಪರಿವೀಕ್ಷಕರ ಹೇಳಿದ್ದ ಹೇಳಿದಂಗ ಬರೀರಿ. ಸಂತಿ ನಾಲ್ಕ ವಾರ ಬಂದ್” ಎಂದಳು. ಹುಣ್ಣಿನ ಲೆಕ್ಕ ಪುಸ್ತಕಕ್ಕೆ ಬಿದ್ದ ಮೇಲೆ ಬೇಡ ಎಂದು ಕೈ ಎತ್ತಲು ಯಾರೂ ಮುಂದಾಗಲಿಲ್ಲ.

ವರದಿಗೆ ಮೊದಲೇ ಬಾಯಿ ಬಿಟ್ಟದ್ದಕ್ಕೆ ನನಗೆ ಮೆಮೊ ಬಂತು. ಎಂಟು ದಿನದ ಮೇಲೆ ವರದಿಯೂ ಬಂತು, ಕಾಲುಬಾಯಿ ಬೇನೆಯೇ. ಸುತ್ತಲಿನ ಊರುಗಳಲ್ಲಿ ಒಳ್ಳೊಳ್ಳೆಯ ಆಕಳುಗಳು ಹೋದವು. ನಮ್ಮ ಮಂಡಲದಲ್ಲಿ ಕಡಿಮೆ. ಸಂತೆ ನಿಲ್ಲಿಸಿದ್ದರಿಂದಲೇ ಉಳಿದವೆಂದು ನಾನು ಆಣೆ ಇಡಲಾರೆ. ಬದುಕಿದ ದನದ ಒಡೆಯ ಯಾರಿಗೂ ಕೃತಜ್ಞನಾಗಿರುವುದಿಲ್ಲ. ತನ್ನ ದನ ಗಟ್ಟಿ ಎಂದುಕೊಳ್ಳುತ್ತಾನೆ.

ಸಂತೆ ನಿಂತು ನಷ್ಟವಾದವರು ಮಾತ್ರ ಮರೆಯಲಿಲ್ಲ. ಕೆಲವು ತಿಂಗಳಿಗೆ ಅಣ್ಣಾಗೌಡರೂ ಬಾಬಾಸಾಹೇಬರೂ ಒಂದಾಗಿ ಅವಿಶ್ವಾಸ ಠರಾವು ತಂದರು. “ಇಬ್ಬರನೂ ಕೂಡಿಸಿದ ಪುಣ್ಯಾ ನನಗ ಬಂತು” ಎಂದಳು ಸುಲೋಚನಾ. ಆ ದಿನ ನಾನು ರಜೆ ಹಾಕಿ ಬಂದೆ. ಒಳಗೆ ಹೋಗಲಿಲ್ಲ. ಪಂಚಾಯ್ತಿಯ ಹೊರಗೆ ಬೇವಿನ ಗಿಡದ ಕೆಳಗೆ ಕೂತೆ. ಕುರುಬರ ವಸ್ತಿಯ ಹತ್ತು ಹದಿನೈದು ಹೆಂಗಸರೂ ಬಂದು ಕೂತಿದ್ದರು. ಒಳಗಿನ ಮಾತು ಹೊರಗೆ ಕೇಳುತ್ತಿರಲಿಲ್ಲ.

ಒಂದು ತಾಸಿಗೆ ಬಾಗಿಲು ತೆರೆಯಿತು. ಅವಳು ಮೆಟ್ಟಿಲಿಳಿದು ಬಂದಳು. ಹೆಂಗಸರು ಎದ್ದು ನಿಂತರು.

“ಒಂಬತ್ತು ನಾಕು” ಎಂದಳು ನನಗೆ. “ಇಳಿಸಿದ್ರು. ಮೆಂಬರ ಅಂತೂ ಅದೀನಿ.”

ಟಾಂಗಾ ತರಲೇ ಎಂದು ಕೇಳಿದೆ. ಅವಳು ಸೆರಗು ಸರಿ ಮಾಡಿಕೊಂಡು ಹೊಳೆಯ ಕಡೆ ನೋಡಿದಳು.

“ಆ ಹೊಳಿದಂಡಿ ಊರಾಗ ಸಾಲಿ ಗ್ವಾಡಿ ಬಿದ್ದೈತಂತ. ಇಲ್ಲಿಂದ ಒಂದ ಮೈಲ. ನೋಡಕೊಂಡ ಹೋಗೂಣ ಬರ್ರಿ.”

ಸಾಲೆಯ ಗೋಡೆ ನೋಡುವುದು ಪ್ರಧಾನರ ಕೆಲಸ. “ಈಗ ನೀ ಪ್ರಧಾನ ಅಲ್ಲಲ್ಲ” ಎಂದೆ.

“ಅದು ಗ್ವಾಡಿಗಿ ಗೊತ್ತಿಲ್ಲಲ್ರಿ” ಎಂದಳು.

ಅವಳು ಹೊರಟಳು. ವಸ್ತಿಯ ಹೆಂಗಸರಲ್ಲಿ ಮೂವರು ಜೊತೆಗೆ ನಡೆದರು. ನಾನು ಸೈಕಲ್ಲನ್ನು ಬೇವಿನ ಗಿಡಕ್ಕೆ ಒರಗಿಸಿ, ಬೀಗ ಹಾಕಿ, ಅವರ ಹಿಂದೆ ಹೋದೆ.